8,75,39,319: ಮೂರು ಜೋಡಿ ಘನಗಳನ್ನು ಹುಡುಕುವುದು ಹೇಗೆ?

ರಾಮಾನುಜನ್ ಹೆಸರಿನ ಜೊತೆಗೇ ನೆನಪಾಗುವ ಸಂಖ್ಯೆ 1729. ಎರಡು ಧನ ಘನಗಳ ಮೊತ್ತವಾಗಿ ಎರಡು ರೀತಿಯಲ್ಲಿ ಬರೆಯಬಹುದಾದ ಸಂಖ್ಯೆಗಳಲ್ಲಿ ಅದೇ ಅತಿ ಚಿಕ್ಕದು. ಮೂರು ರೀತಿ ಬೇಕೆಂದರೆ ಎಂಟು ಕೋಟಿ ದಾಟಬೇಕು. 1957ರಲ್ಲಿ ಬ್ರಿಟನ್ನಿನ ಗಣಿತಜ್ಞ ಜಾನ್ ಲೀಚ್ ಕಂಡುಹಿಡಿದ ಆ ಸಂಖ್ಯೆ 8,75,39,319. ಅದರ ಮೂರೂ ಜೋಡಿಗಳನ್ನು ಹೈಸ್ಕೂಲಿನ ಗಣಿತದಿಂದಲೇ ಹೊರತೆಗೆಯಬಹುದು. ಪೆನ್ಸಿಲ್, ಹಾಳೆ ತೆಗೆದುಕೊಳ್ಳಿ.

ಹಂತ 1: ಒಡೆಯಿರಿ. ಅಂಕಿಗಳ ಮೊತ್ತ 45, ಹಾಗಾಗಿ 9ರಿಂದ ಭಾಗವಾಗುತ್ತದೆ. ಬಂದ 97,26,591ರ ಅಂಕಿಗಳನ್ನು ಕೂಡಿದರೆ 39. ಇನ್ನೊಮ್ಮೆ 3ರಿಂದ ಭಾಗಿಸಿ. ಉಳಿದದ್ದು 32,42,197. ಇದನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ: 197 − 242 + 3 = −42. 42 ಏಳರ ಮಗ್ಗಿಯಲ್ಲಿದೆ, 11 ಮತ್ತು 13ರ ಮಗ್ಗಿಯಲ್ಲಿಲ್ಲ. 7 × 11 × 13 = 1001 ಆಗಿರುವುದರಿಂದ ಒಂದೇ ಲೆಕ್ಕದಲ್ಲಿ ಮೂರು ಪರೀಕ್ಷೆ ಮುಗಿಯಿತು. 7ರಿಂದ ಭಾಗಿಸಿದರೆ 4,63,171. ಇಲ್ಲಿಂದ ತಾಳ್ಮೆ ಬೇಕು. 17, 19, 23, 29 ಯಾವುದೂ ಹೋಗುವುದಿಲ್ಲ, 31 ಹೋಗುತ್ತದೆ. ಕೊನೆಗೆ ಸಿಗುವ 14,941 ಎಂದರೆ 67 × 223.

8,75,39,319 = 3³ × 7 × 31 × 67 × 223

ಹಂತ 2: ಜಾತಿ ಗುರುತಿಸಿ. ಘಾತಗಳಿಗೆ ಒಂದೊಂದು ಕೂಡಿ ಗುಣಿಸಿದರೆ ಭಾಜಕಗಳ ಎಣಿಕೆ: 4 × 2 × 2 × 2 × 2 = 64. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 6,84,36,361. ಇದು ಮೂಲ ಸಂಖ್ಯೆಗಿಂತ ಕಡಿಮೆ, ಆದ್ದರಿಂದ ಇದು ನ್ಯೂನ ಸಂಖ್ಯೆ.

ಹಂತ 3: ಬಲೆ ಬೀಸಿ. ನನಗೆ ತುಂಬ ಇಷ್ಟವಾದ ಭಾಗ ಇದು. a³ + b³ = (a + b)(a² − ab + b²). ಅಂದರೆ a + b ನಮ್ಮ 64 ಭಾಜಕಗಳಲ್ಲೇ ಒಂದಾಗಿರಬೇಕು. (a + b)ಯ ಘನ ನಮ್ಮ ಸಂಖ್ಯೆಗಿಂತ ದೊಡ್ಡದು, ಅದರ ನಾಲ್ಕು ಪಟ್ಟನ್ನು ಮೀರದು. ಹಾಗಾಗಿ a + b 445 ಮತ್ತು 704ರ ನಡುವೆಯೇ ಸಿಗಬೇಕು. ಆ ಅಂತರದಲ್ಲಿರುವ ಭಾಜಕಗಳು ನಾಲ್ಕೇ: 469, 603, 651, 669.

ಯಾವುದೇ ಸಂಖ್ಯೆಯನ್ನೂ ಅದರ ಘನವನ್ನೂ 3ರಿಂದ ಭಾಗಿಸಿದರೆ ಶೇಷ ಒಂದೇ. ನಮ್ಮ ಸಂಖ್ಯೆ 3ರಿಂದ ಭಾಗವಾಗುವುದರಿಂದ a + b ಕೂಡ ಭಾಗವಾಗಬೇಕು. 469 ಬಿದ್ದುಹೋಯಿತು. ನಾಲ್ಕನೆಯ ರೀತಿ ಇಲ್ಲವೆಂಬುದೂ ಇಲ್ಲೇ ಖಚಿತವಾಯಿತು.

ಹಂತ 4: ಜೋಡಿ ಬಿಡಿಸಿ. 603 ತೆಗೆದುಕೊಳ್ಳಿ. 8,75,39,319 ÷ 603 = 1,45,173. 603ರ ವರ್ಗ 3,63,609ರಿಂದ ಇದನ್ನು ಕಳೆದು 3ರಿಂದ ಭಾಗಿಸಿದರೆ ab = 72,812. ಮೊತ್ತ 603, ಗುಣಲಬ್ಧ 72,812 ಇರುವ ಜೋಡಿ 167 ಮತ್ತು 436. ಹೀಗೆಯೇ 651ರಿಂದ 228 ಮತ್ತು 423, 669ರಿಂದ 255 ಮತ್ತು 414.

ಕೊನೆಯ ಎರಡು ಜೋಡಿಗಳ ನಾಲ್ಕೂ ಸಂಖ್ಯೆಗಳನ್ನು 3ರಿಂದ ಭಾಗಿಸಿ ನೋಡಿ: 76³ + 141³ = 85³ + 138³ = 32,42,197. ಮೊದಲ ಹಂತದಲ್ಲಿ ದಾಟಿ ಬಂದ ಸಂಖ್ಯೆಯೇ ಇದು! ಅದಕ್ಕೆ ಎರಡು ದಾರಿ ಆಗಲೇ ಇದ್ದವು. 27ರಿಂದ ಗುಣಿಸಿದ ಮೇಲೆ 167 ಮತ್ತು 436ರ ಮೂರನೆಯ ದಾರಿ ತೆರೆಯಿತು.