ಹೈಸ್ಕೂಲಿನ ಮೂರು ವರ್ಷ ಸಂಗೀತ ಕಲಿಯುವುದು ಹೇಗೆ?

ಎಂಟನೇ ಕ್ಲಾಸಿಗೆ ಬಂದ ಕೂಡಲೇ ಸಂಗೀತ ಪಾಠ ಬಿಡಿಸುವ ಮನೆಗಳು ನಮ್ಮ ಕಡೆ ಜಾಸ್ತಿ. ‘ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ’ ಅನ್ನುತ್ತಾರೆ. ಆಮೇಲೆ ಪಿಯುಸಿ ಬರುತ್ತದೆ, ಸಿಇಟಿ ಬರುತ್ತದೆ, ಊರು ಬಿಟ್ಟು ಹಾಸ್ಟೆಲ್ ಸೇರಬೇಕಾಗುತ್ತದೆ. ಸಂಗೀತ ಅಲ್ಲಿಗೇ ನಿಲ್ಲುತ್ತದೆ. ಆದರೆ ಧ್ವನಿ ಬದಲಾಗಿ ಒಂದು ಹದಕ್ಕೆ ಬರುವುದು ಇದೇ ವಯಸ್ಸಿನಲ್ಲಿ. ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ಸಾಕು. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹಿಡಿಯುವ ಮಕ್ಕಳಿಗೂ ಇದು ಸಾಧ್ಯ.

ಮೊದಲು ಶ್ರುತಿ

ಹಾಡು ಕಲಿಸುವ ಮೊದಲು ಮಗುವಿನ ಶ್ರುತಿ ಯಾವುದು ಎಂದು ತಿಳಿಯಿರಿ. ಕೆಳಗಿನ ಪಂಚಮದಿಂದ (ಪ) ಮೇಲಿನ ಪಂಚಮದವರೆಗೆ ಕಷ್ಟವಿಲ್ಲದೆ ಹಾಡಲು ಬರಬೇಕು. ಅದಕ್ಕೆ ಹೊಂದುವ ಷಡ್ಜವೇ (ಸ) ಮಗುವಿನ ಶ್ರುತಿ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡರೆ ಅಭ್ಯಾಸಕ್ಕೆ ಸಾಕು. ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಆ್ಯಪ್ ಆಗಿರಲಿ. ಹಾರ್ಮೋನಿಯಂ ಮೇಲೆ ಹಾಡಿನ ಧಾಟಿಯನ್ನೇ ಬಾರಿಸಿಕೊಂಡು ಹಾಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಸ್ವರದ ಜಾಗವನ್ನು ಬೆರಳು ಹುಡುಕುತ್ತದೆ, ಕಿವಿ ಹುಡುಕುವುದಿಲ್ಲ.

ಪರೀಕ್ಷೆ ಮಾಡಿ ನೋಡಲು ನಾಡಗೀತೆಯೇ ಇದೆಯಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕು ಎಂದು ಸರ್ಕಾರ 2022ರಲ್ಲಿ ಗೊತ್ತು ಮಾಡಿತು. ಶಾಲೆಯ ಪ್ರಾರ್ಥನೆಯಲ್ಲಿ ಹಾಡಿ ಹಾಡಿ ಮಕ್ಕಳಿಗೆ ಅದು ಬಾಯಿಗೆ ಬಂದಿರುತ್ತದೆ. ತಂಬೂರಿ ಹಾಕಿಕೊಂಡು ಒಬ್ಬರೇ ಹಾಡಲಿ, ರೆಕಾರ್ಡ್ ಮಾಡಿ ಕೇಳಲಿ. ಶುರುವಿನಲ್ಲಿ ಸೇರಿದ್ದ ಶ್ರುತಿ ಕೊನೆಯ ಸಾಲಿನಲ್ಲೂ ಸೇರಿದೆಯಾ? ಗುಂಪಿನಲ್ಲಿ ಹಾಡುವಾಗ ಗೊತ್ತಾಗದ ಏರಿಳಿತ ಇಲ್ಲಿ ಕೇಳಿಸುತ್ತದೆ.

ಗುರು ಮತ್ತು ಪದ್ಧತಿ

ಕರ್ನಾಟಕಿಯೋ ಹಿಂದೂಸ್ತಾನಿಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹತ್ತಿರದಲ್ಲಿ ಒಳ್ಳೆಯ ಗುರು ಯಾವುದನ್ನು ಕಲಿಸುತ್ತಾರೋ ಅದೇ ಆಗಲಿ. ವಾರಕ್ಕೊಂದು ಪಾಠ ಎದುರು ಕೂತು ಆಗಬೇಕು. ಆನ್‌ಲೈನ್ ಪಾಠದಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಗುರು, ಶಿಷ್ಯ ಇಬ್ಬರೂ ಒಟ್ಟಿಗೆ ಹಾಡಲು ಆಗುವುದಿಲ್ಲ. ಮಳೆಗಾಲದಲ್ಲಿ ಬೇರೆ ದಾರಿಯಿಲ್ಲದಾಗ ಹಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸಿ ತಿದ್ದಿಸಿಕೊಳ್ಳಬಹುದು.

ಕರ್ನಾಟಕಿಯಲ್ಲಿ ಪಾಠ ಮಾಯಾಮಾಳವಗೌಳ ರಾಗದಿಂದ ಶುರುವಾಗುತ್ತದೆ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ದಾಸರು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆಯವರು ಎಂದು ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ಹೇಳಿದೆ. ಹಾಗಾಗಿ ನಮಗೆ ಅವರ ಮೇಲೆ ಪ್ರೀತಿ ಇನ್ನೂ ಒಂದು ತೂಕ ಜಾಸ್ತಿ. ಈ ರಾಗದಲ್ಲಿ ಸ ರಿ ಗ ಮ ಸ್ವರಗಳ ನಡುವೆ ಎಷ್ಟೆಷ್ಟು ಅಂತರವೋ, ಪ ದ ನಿ ಸ ನಡುವೆಯೂ ಅಷ್ಟಷ್ಟೇ. ಕೆಳಗಿನ ಅರ್ಧ ಗಟ್ಟಿಯಾದರೆ ಮೇಲಿನರ್ಧ ಸಲೀಸು. ಮೊದಲು ಸರಳೆ, ಜಂಟಿವರಸೆ, ಅಲಂಕಾರ ಎಂಬ ಸ್ವರಾಭ್ಯಾಸಗಳು, ಆಮೇಲೆ ಗೀತೆ. ಎಲ್ಲವೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಆಗಬೇಕು. ಮೊದಲ ಕಾಲದಲ್ಲಿ ಸ್ವರ ನಿಲ್ಲದಿದ್ದರೆ ಮೂರನೆಯದಕ್ಕೆ ಓಡಬೇಡಿ.

ಕನ್ನಡ ಪುಸ್ತಕದಲ್ಲೇ ತಾಳವಿದೆ

ಹೈಸ್ಕೂಲಿನ ಕನ್ನಡ ಪಾಠದಲ್ಲಿ ಕುಮಾರವ್ಯಾಸ, ಲಕ್ಷ್ಮೀಶರ ಷಟ್ಪದಿಗಳು ಬರುತ್ತವೆ. ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಎಂಬ ಪ್ರಶ್ನೆಗೆ ಹೆದರುವ ಮಕ್ಕಳೇ ಹೆಚ್ಚು. ಸಂಗೀತ ಕಲಿಯುವವರಿಗೆ ಅಲ್ಲಿ ದೊಡ್ಡ ಲಾಭವಿದೆ. ಭಾಮಿನಿ ಷಟ್ಪದಿಯ ಗಣಗಳು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಲ್ಲಿ ಸಾಗುತ್ತವೆ. ಮೂರಕ್ಕೆ ನಾಲ್ಕು ಸೇರಿದರೆ ಏಳು, ಅದೇ ಮಿಶ್ರ ಚಾಪು ತಾಳ. ಹಿಂದೂಸ್ತಾನಿಯವರು ಏಳು ಮಾತ್ರೆಯ ರೂಪಕ ತಾಳದಲ್ಲಿ ಎಣಿಸಬಹುದು. ಲಕ್ಷ್ಮೀಶನ ವಾರ್ಧಕ ಷಟ್ಪದಿಯಲ್ಲಿ ಗಣಕ್ಕೆ ಐದು ಮಾತ್ರೆ, ಅದು ಖಂಡ ಚಾಪು ತಾಳಕ್ಕೆ ಹೊಂದುತ್ತದೆ.

ಹೀಗೆ ಮಾಡಿ. ಮೊದಲು ಪದ್ಯವನ್ನು ರಾಗವಿಲ್ಲದೆ ಕೈಯಲ್ಲಿ ತಾಳ ಹಾಕುತ್ತಾ ಹೇಳಿಸಿ. ಮೂರನೇ ಮತ್ತು ಆರನೇ ಸಾಲು ಉದ್ದ, ಕೊನೆಯಲ್ಲಿ ಒಂದು ಗುರು (ಎರಡು ಮಾತ್ರೆಯ ಅಕ್ಷರ) ಬರುತ್ತದೆ. ಅಲ್ಲಿ ತಾಳ ತಪ್ಪಿಸದೆ ಉಸಿರು ತೆಗೆದುಕೊಳ್ಳುವುದನ್ನು ಕಲಿಯಬೇಕು. ತಾಳ ಕೂತ ಮೇಲೆ ಗೊತ್ತಿರುವ ಒಂದು ರಾಗದಲ್ಲಿ ಹಾಡಲಿ. ವ್ಯಾಕರಣವೂ ಆಯಿತು, ಸಾಧನೆಯೂ ಆಯಿತು, ಅಲ್ವಾ?

ಅದಾದ ಮೇಲೆ ಗಮಕ, ಅಂದರೆ ರಾಗದಲ್ಲಿ ಕಾವ್ಯ ಓದುವುದನ್ನು ಕೇಳಿಸಿ. ಗಮಕಿಗಳು ತಾಳದ ಕಟ್ಟಿಲ್ಲದೆ, ಅರ್ಥಕ್ಕೆ ತಕ್ಕಂತೆ ಪದ ಬಿಡಿಸಿ ಓದುತ್ತಾರೆ. ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಒತ್ತು ಕೊಡಬೇಕು ಎಂಬುದು ಅಲ್ಲಿ ತಿಳಿಯುತ್ತದೆ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಶಿವಮೊಗ್ಗದ ಪಕ್ಕದ ಹೊಸಹಳ್ಳಿಯವರು. ತುಂಗೆಯ ದಡದ ಇಂಥ ಪರಂಪರೆ ನಮ್ಮ ಜಿಲ್ಲೆಯ ಎಲ್ಲ ಶಾಲೆಗೂ ತಲುಪಬೇಕು ಎಂಬುದು ನನ್ನ ಆಸೆ.

ಧ್ವನಿ ಒಡೆಯುವಾಗ

ಸಂಗೀತ ಬಿಡುವ ಹುಡುಗರಲ್ಲಿ ಎಷ್ಟೋ ಜನ ಬಿಡುವುದು ಇಲ್ಲೇ. ಹದಿಮೂರು, ಹದಿನಾಲ್ಕರ ಸುಮಾರಿಗೆ ಗಂಟಲಿನ ಧ್ವನಿ ಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿ ತಂತುಗಳು ಉದ್ದ ಮತ್ತು ದಪ್ಪ ಆಗುತ್ತವೆ. ಐದು ಮನೆ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಶ್ರುತಿಯಲ್ಲಿ ಹಾಡುತ್ತಿದ್ದ ಹುಡುಗನ ಧ್ವನಿ ಒಂದೆರಡು ಮನೆಗೆ ಇಳಿಯಬಹುದು. ನಡುವೆ ಕೆಲವು ತಿಂಗಳು ಸ್ವರ ಜಾರುತ್ತದೆ, ಕೀರಲುತ್ತದೆ. ಇದು ಬೆಳವಣಿಗೆ, ಕಾಯಿಲೆಯಲ್ಲ. ಮನೆಯಲ್ಲಿ ಯಾರೂ ನಗಬಾರದು.

ಆಗ ಹಳೆಯ ಶ್ರುತಿಗೆ ಗಂಟು ಬೀಳಬೇಡಿ. ಗುರುಗಳಿಗೆ ಹೇಳಿ ಶ್ರುತಿ ಇಳಿಸಿ. ತಾರಸ್ಥಾಯಿ (ಮೇಲಿನ ಸ್ವರಗಳು) ಸದ್ಯಕ್ಕೆ ಬಿಟ್ಟು, ಮೆಲುದನಿಯಲ್ಲಿ ಮಧ್ಯಸ್ಥಾಯಿಯ (ನಡುವಿನ) ಉದ್ದ ಸ್ವರಗಳನ್ನು ಹಾಡಲಿ. ಹಾಡಲು ಆಗದ ದಿನ ತಾಳ, ಸ್ವರ ಬರೆಯುವುದು, ಭದ್ರಾವತಿ ಆಕಾಶವಾಣಿಯ ಶಾಸ್ತ್ರೀಯ ಸಂಗೀತ ಕೇಳುವುದು ನಡೆಯಲಿ. ಹುಡುಗಿಯರ ಧ್ವನಿಯೂ ಸ್ವಲ್ಪ ಬದಲಾಗುತ್ತದೆ, ಆದರೆ ಇಷ್ಟು ಎದ್ದು ಕಾಣುವುದಿಲ್ಲ. ಗೊಗ್ಗರು ದನಿ ಮೂರು ವಾರ ದಾಟಿದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ.

ವಾದ್ಯ ಕಲಿಯುವವರಿಗೆ ಒಂದು ಮಾತು. ಮಲೆನಾಡಿನ ಮಳೆಯಲ್ಲಿ ತಬಲಾ, ಮೃದಂಗದ ಚರ್ಮ ಥಂಡಿ ಹೀರಿ ಸಡಿಲವಾಗುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ, ದಪ್ಪ ಬಟ್ಟೆಯ ಚೀಲದಲ್ಲಿ ಇಡಿ. ಒಲೆಯ ಹತ್ತಿರ ಹಿಡಿದು ಒಣಗಿಸುವುದೂ ಬೇಡ, ಚರ್ಮ ಬಿರಿಯುತ್ತದೆ.

ಸ್ಪರ್ಧೆ, ಪರೀಕ್ಷೆ

ಪ್ರತಿಭಾ ಕಾರಂಜಿಗೆ ಕಳಿಸಿ. ಭಾವಗೀತೆ, ಜನಪದ ಗೀತೆ ಹಾಡಲು ಒಳ್ಳೆಯ ವೇದಿಕೆ. ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಒಂದೇ ಹಾಡು ತಿದ್ದಿಸುತ್ತಾ ಸರಳೆ, ಅಲಂಕಾರ ನಿಲ್ಲಿಸುವುದು ಸರಿಯಲ್ಲ.

ಕರ್ನಾಟಕಿಯಲ್ಲಿ ಸರ್ಕಾರದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಹಿಂದೂಸ್ತಾನಿಯಲ್ಲಿ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ ಹೀಗೆ ಮುಂದುವರಿಯುತ್ತದೆ. ಹಾಡುವುದರ ಜೊತೆ ಬರೆಯುವುದೂ ಇರುವುದರಿಂದ ರಾಗಲಕ್ಷಣ, ತಾಳದ ಅಂಗಗಳಿಗೆ ಒಂದು ನೋಟ್‌ಬುಕ್ ಬೇರೆಯೇ ಇಡಿ. ಪರೀಕ್ಷೆ ಒಂಬತ್ತನೇ ಕ್ಲಾಸಿನಲ್ಲಿ ಕಟ್ಟಿಸುವುದು ಒಳ್ಳೆಯದು. ಹತ್ತರಲ್ಲಿ ಹೊಸ ಪಾಠ ಕಡಿಮೆ ಮಾಡಿ, ಇಪ್ಪತ್ತು ನಿಮಿಷದ ಸಾಧನೆ ಮಾತ್ರ ಉಳಿಸಿಕೊಳ್ಳಿ.

ಸಿಬಿಎಸ್‌ಇಯಲ್ಲಿ ಒಂಬತ್ತು, ಹತ್ತಕ್ಕೆ ಎರಡೂ ಪದ್ಧತಿಯ ಸಂಗೀತ ವಿಷಯವಾಗಿ ಸಿಗುತ್ತದೆ, ಶಾಲೆಯಲ್ಲಿ ಶಿಕ್ಷಕರು ಇರಬೇಕಷ್ಟೆ. ನಮ್ಮ ಪಿಯುಸಿಯ ವಿಷಯಗಳ ಪಟ್ಟಿಯಲ್ಲೂ ಹಿಂದೂಸ್ತಾನಿ ಸಂಗೀತವಿದೆ. ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ. ಮಗುವಿಗೆ ಆ ಆಸೆ ಇದ್ದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮೊದಲೇ ಕಾಲೇಜಿಗೆ ಹೋಗಿ ವಿಚಾರಿಸಿಕೊಂಡು ಬನ್ನಿ.