ಹೇರ್ ಪ್ಯಾಚ್ ಅಂಟಿಸೋದು ಸುಲಭ, ಬಿಚ್ಚೋದೇ ಕಷ್ಟ – ನನ್ನ ಅನುಭವ

ನಂಗೆ 27ಕ್ಕೆಲ್ಲಾ ನೆತ್ತಿ ಖಾಲಿ ಆಗಿತ್ತು. ಅಪ್ಪಂಗೂ ಹಂಗೇ, ಚಿಕ್ಕಪ್ಪಂಗೂ ಹಂಗೇ, ಸೋ ಆಶ್ಚರ್ಯ ಏನೂ ಇರ್ಲಿಲ್ಲ. ಟ್ರಾನ್ಸ್‌ಪ್ಲಾಂಟ್‌ಗೆ ಧೈರ್ಯ ಬರ್ಲಿಲ್ಲ, ಹೇರ್ ಪ್ಯಾಚ್ (ಬೋಳು ಜಾಗಕ್ಕೆ ಅಂಟಿಸ್ಕೊಳೋ ಕೂದ್ಲಿನ ಹೊದಿಕೆ) ಹಾಕಿಸ್ಕೊಂಡೆ, ಎರಡು ವರ್ಷ ಬೆಂಗಳೂರಲ್ಲೇ ಒಂದು ಸೆಂಟರ್‌ಗೆ ತಿಂಗಳಿಗೆ ಎರಡ್ ಸಲ ಹೋಗಿ ಸರ್ವಿಸ್ (ಬಿಚ್ಚಿ, ತೊಳೆದು, ಮತ್ತೆ ಅಂಟಿಸೋದು) ಮಾಡಿಸ್ಕೊಂಡು ಬರ್ತಿದ್ದೆ, ಸಲಕ್ಕೆ 1,200 ರೂಪಾಯಿ. ದುಡ್ಡು ಹೋಗ್ಲಿ, ಶನಿವಾರ ಅರ್ಧ ದಿನ ಅಲ್ಲೇ ಹೋಗೋದು. ಅದಕ್ಕಿಂತ ಹೊಟ್ಟೆ ಉರೀತಿದ್ದಿದ್ದು ಅಲ್ಲಿನ ಹುಡುಗ ಪ್ಯಾಚ್ ಕೀಳೋ ರೀತಿ ನೋಡಿ. ಎರಡು ಹನಿ ಲಿಕ್ವಿಡ್ ಬಿಟ್ಟು, ಹತ್ತು ಸೆಕೆಂಡೂ ಕಾಯ್ದೆ, ಪರ್ರ್ ಅಂತ ಎಳ್ದುಬಿಡೋನು. ಹೊಸ ಪ್ಯಾಚ್ ತಗೊಂಡ ಮೂರನೇ ತಿಂಗಳಿಗೇ ಅದ್ರ ಬೇಸ್ (ಕೂದ್ಲು ಕೂರ್ಸಿರೋ ತಳ) ಪಕ್ಕದಲ್ಲಿ ಹರೀತು, ಕೇಳಿದ್ರೆ "ನಿಮ್ಗೆ ಬೆವರು ಜಾಸ್ತಿ ಸಾರ್" ಅಂದ. ಅವತ್ತೇ ಅನ್ಕೊಂಡೆ, ಹರ್ಕೊಳೋದಾದ್ರೆ ನಾನೇ ಹರ್ಕೋತೀನಿ, ನಿಂಗ್ಯಾಕ್ ಕೊಡ್ಲಿ 1,200 ಅಂತ.

ನಂದು 9 ಇಂಚು ಉದ್ದ 6 ಇಂಚು ಅಗಲದ್ದು, ಮುಂದೆ ಮತ್ತೆ ನಡುವೆ ಲೇಸ್, ಪಕ್ಕಕ್ಕೂ ಹಿಂದಕ್ಕೂ ಪಾಲಿ. ಲೇಸ್ ಅಂದ್ರೆ ಸೊಳ್ಳೆ ಪರದೆ ಥರ ಬಲೆ, ಅದಕ್ಕೆ ಒಂದೊಂದೇ ಕೂದ್ಲು ಗಂಟು ಹಾಕಿರ್ತಾರೆ. ಪಾಲಿ ಅಂದ್ರೆ ತೆಳು ಪ್ಲಾಸ್ಟಿಕ್ ಚರ್ಮದಂಗೆ ಇರತ್ತೆ. ಈ ವ್ಯತ್ಯಾಸ ತಲೇಲಿ ಇಟ್ಕೊಳ್ಳಿ, ಬಿಚ್ಚೋವಾಗ ಬೇಕಾಗತ್ತೆ. (ಕೂದ್ಲು ಮಾತ್ರ ನಮ್ ಕಡೇದೇ ಇರಬೋದು. ಆಫೀಸಲ್ಲಿ ಕೊಪ್ಪಳದ ಫ್ರೆಂಡ್ ಒಬ್ಬ ಇದಾನೆ, ಅವ್ರೂರ್ ಪಕ್ಕದ ಭಾಗ್ಯನಗರದಲ್ಲಿ ಕೂದ್ಲು ಬಿಡಿಸಿ ಕ್ಲೀನ್ ಮಾಡೋದೇ ದೊಡ್ಡ ಉದ್ಯೋಗ. "ನಮ್ಮೂರಿಂದ ಹೊರದೇಶ ಸುತ್ತಿ ನಿನ್ ತಲೆ ಮೇಲ್ ಬಂದು ಕೂತದ ನೋಡ್" ಅಂತ ಆಡ್ಕೋತಾನೆ.)

ಮೊದಲ್ನೇ ಸಲ ಮನೇಲಿ ಮಾಡಿದ್ದು ಪೂರ್ತಿ ಫ್ಲಾಪ್. ಕನ್ನಡಿಲಿ ಎಡ ಬಲ ಕನ್‌ಫ್ಯೂಸ್ ಆಗಿ ಒಂದು ಸೆಂಟಿಮೀಟರ್ ಎಡಕ್ಕೆ ಕೂರಿಸ್ಬಿಟ್ಟೆ, ಹೆಂಡ್ತಿ ನೋಡಿ "ಯಾಕ್ರೀ ತಲೆ ವಾರೆ ಆಗಿದೆ" ಅಂದ್ಲು, ಗಾಬ್ರಿಲಿ ಲಿಕ್ವಿಡ್ ಹಾಕ್ದೇನೇ ಟೇಪನ್ನ (ಪ್ಯಾಚ್ ತಲೆಗೆ ಹಿಡಿಸೋ, ಎರಡೂ ಕಡೆ ಅಂಟಿರೋ ಟೇಪು) ಹಂಗೇ ಕೈಹಾಕಿ ಎಳ್ದೆ, ಅದೂ ಕೂದ್ಲು ಹಿಡ್ಕೊಂಡು. ಒಂದು ಚಿಟಿಕೆ ಕೂದ್ಲು ಬೆರಳಲ್ಲೇ ಬಂತು, ಮುಂದಿನ ಲೇಸಲ್ಲಿ ಅಕ್ಕಿ ಕಾಳಷ್ಟು ತೂತು. ಸೆಂಟರ್ ಹುಡುಗನ್ನ ಬೈತಿದ್ದೋನು ನಾನೂ ಅದನ್ನೇ ಮಾಡಿದ್ದೆ! ಪ್ಯಾಚ್ ಹಾಳಾಗೋದು ಹಾಕೋವಾಗ ಅಲ್ಲ, ತೆಗ್ಯೋವಾಗ ಅಂತ ಆಗ ತಲೆಗೆ ಹೋಯ್ತು.

ಈಗ ನಾನು ಬಿಚ್ಚೋದು ಹಿಂಗೆ. ಶುಕ್ರವಾರ ರಾತ್ರಿ ಊಟ ಆದ್ಮೇಲೆ, ಅರ್ಜೆಂಟ್ ಇಲ್ದೇ ಇರೋವಾಗ. ಸಿ-22 ಅಂತ ಒಂದು ಸಾಲ್ವೆಂಟ್ (ಅಂಟು ಬಿಡಿಸೋ ಲಿಕ್ವಿಡ್) ಬರತ್ತೆ, ಕಿತ್ತಳೆ ಸಿಪ್ಪೆ ವಾಸನೆ. ಲೇಸ್ ಮೇಲೆ ಆದ್ರೆ ಮೇಲಿಂದಾನೇ ಹನಿ ಹಾಕ್ಬೋದು, ಬಲೆ ತೂತಲ್ಲಿ ಕೆಳಗಿಳಿದು ಅಂಟು ಸೇರತ್ತೆ. ಪಾಲಿ ಮೇಲೆ ಎಷ್ಟು ಸುರಿದ್ರೂ ವೇಸ್ಟು, ಪ್ಲಾಸ್ಟಿಕ್ಕಲ್ವಾ, ಒಳಗೆ ಹೋಗಲ್ಲ, ಅಲ್ಲಿ ಅಂಚಿಂದಾನೇ ಹೋಗ್ಬೇಕು. ಕಣ್ಣಿಗಿಳೀದಂಗೆ ಹಣೆಗೆ ಟವೆಲ್ ಕಟ್ಕೊಂಡು, ಸುತ್ತ ಹನಿ ಹಾಕಿ ಐದು ನಿಮಿಷ ಸುಮ್ನೆ ಕೂರ್ಬೇಕು. ಆಮೇಲೆ ಬೆರಳ ತುದಿಲಿ ಅಂಚು ಎತ್ತಿ ನೋಡೋದು, ಬಿಸಿ ಹಾಲಿನ ಕೆನೆ ಸರಿದಂಗೆ ಬಂದ್ರೆ ಮುಂದೆ ಹೋಗೋದು, ಚೂರು ಬಿಗಿ ಅನ್ಸಿದ್ರೂ ನಿಲ್ಸಿ ಇನ್ನೆರಡು ಹನಿ, ಇನ್ನೆರಡು ನಿಮಿಷ. ಹಿಡ್ಕೊಳೋದು ಬೇಸ್ ಅಂಚನ್ನ, ಕೂದ್ಲನ್ನಂತೂ ಅಲ್ವೇ ಅಲ್ಲ. ನಂಗೆ ಇದಕ್ಕೇ 20 ನಿಮಿಷ ಹಿಡಿಯತ್ತೆ.

ತೆಗ್ದಿದ್ದನ್ನ ಟವೆಲ್ ಮೇಲೆ ಬೋರಲು ಹಾಕಿ, ಹಳೇ ಟೇಪ್ ಮೇಲೆ ಮತ್ತೆ ಸಾಲ್ವೆಂಟ್, ಟೇಪು ತಾನಾಗೇ ಉಂಡೆ ಉಂಡೆಯಾಗಿ ಎದ್ದು ಬರತ್ತೆ, ಉಳಿದ ಗೋಂದನ್ನ ಹಳೇ ಟೂತ್‌ಬ್ರಷ್ಷಲ್ಲಿ ಮೆತ್ತಗೆ ತೆಗೀಬೇಕು. ಇಲ್ಲಿ ಜನ ಒಂದು ತಪ್ಪು ಮಾಡ್ತಾರೆ, ನಾನೂ ಮಾಡ್ದೆ: ಸಾಲ್ವೆಂಟ್ ಜಿಡ್ಡು ಉಳ್ಸಿಬಿಡೋದು. ಕಣ್ಣಿಗೆ ಕ್ಲೀನಾಗೇ ಕಾಣತ್ತೆ, ಆದ್ರೆ ಆ ಜಿಡ್ಡಿನ ಮೇಲೆ ಹೊಸ ಟೇಪ್ ಹಚ್ಚಿದ್ರೆ ಎರಡೇ ದಿನಕ್ಕೆ ಅಂಚು ಏಳತ್ತೆ. ಅದಕ್ಕೆ ಪಾತ್ರೆ ತೊಳ್ಯೋ ಲಿಕ್ವಿಡ್ ಒಂದೆರಡು ಹನಿ ಬೇಸಿಗೆ ಹಾಕಿ ತೊಳೀತೀನಿ, ಆಮೇಲೆ ಕೂದ್ಲಿಗೆ ಸಲ್ಫೇಟ್ ಇಲ್ದಿರೋ ಶಾಂಪೂ, ಕಂಡಿಷನರ್. ನಮ್ಮನೇಲಿ ಬೋರ್ ನೀರು, ಅದ್ರಲ್ಲಿ ತೊಳೆದ್ರೆ ಕೂದ್ಲು ತೆಂಗಿನ ನಾರಾಗತ್ತೆ, ಕೊನೇ ಜಾಲಾಡೋಕೆ ಎರಡು ಚೊಂಬು ಫಿಲ್ಟರ್ ನೀರು ಇಟ್ಕೋತೀನಿ. ಫ್ಯಾನ್ ಗಾಳೀಲಿ ಒಣಗಿಸಿ ಮಲ್ಗೋದು. ಆ ಒಂದು ರಾತ್ರಿ ನೆತ್ತಿಗೂ ಗಾಳಿ. ಮಗಳು "ಅಪ್ಪ ಟೋಪಿ ತೆಗ್ದ" ಅಂತ ಮನೆಯೆಲ್ಲಾ ಸಾರ್ಕೊಂಡು ಬರ್ತಾಳೆ.

ಹಾಕೋದು ಶನಿವಾರ ಬೆಳಿಗ್ಗೆ. ಪ್ಯಾಚ್ ಕೂರೋ ಜಾಗಕ್ಕೆ ಟ್ರಿಮ್ಮರ್‌ನ ಝೀರೋದಲ್ಲಿ ಆಡ್ಸಿ, ಶಾಂಪೂ ಎರಡ್ ಸಲ, ಪೂರ್ತಿ ಒಣಗ್ಬೇಕು. ಆಮೇಲೆ 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತೀಲಿ ಒರೆಸೋದು. ಅದು ಬೇಗ ಹೊತ್ಕೊಳೋ ವಸ್ತು, ಗ್ಯಾಸ್ ಹತ್ರ ದೇವರ ದೀಪದ ಹತ್ರ ಬೇಡ. ಅದ್ರ ಮೇಲೆ ಸ್ಕಾಲ್ಪ್ ಪ್ರೊಟೆಕ್ಟರ್ (ಅಂಟಿಂದ ಚರ್ಮ ಕಾಪಾಡೋ ಲಿಕ್ವಿಡ್) ಒಂದು ಕೋಟ್. ಹೊಸ ಅಂಟು ಯಾವ್ದೇ ತಂದ್ರೂ ಮೊದ್ಲು ಮೊಣಕೈ ಒಳಗಡೆ ಒಂಚೂರು ಹಚ್ಚಿ ಎರಡು ದಿನ ನೋಡಿ, ಕೆಲವ್ರಿಗೆ ಅಕ್ರಿಲಿಕ್ ಗೋಂದು ಆಗಿಬರಲ್ಲ, ತಲೇಲಿ ಬೊಬ್ಬೆ ಎದ್ರೆ ಪ್ಯಾಚೂ ಇಲ್ಲ ನಿದ್ದೇನೂ ಇಲ್ಲ.

ಟೇಪನ್ನ ತಲೆಗಲ್ಲ, ಬೇಸಿಗೆ ಹಚ್ಚೋದು. ತುಂಡು ತುಂಡಾಗಿ ಕತ್ತರ್ಸಿ ಪಾಲಿ ಸುತ್ತ ಅಂಟಿಸ್ತೀನಿ, ತುಂಡು ತುಂಡಿನ ನಡುವೆ ಒಂದು ಬತ್ತದ ಕಾಳಷ್ಟು ಗ್ಯಾಪ್, ಬೆವರು ಹೊರಗೆ ಹೋಗೋಕೆ. ಟೇಪು ಅಂಚಿಂದ ಆಚೆ ಬರ್ಬಾರ್ದು, ಬಂದ್ರೆ ಧೂಳು ಹಿಡಿದು ಕಪ್ಪು ಗೆರೆ ಆಗತ್ತೆ. ಮುಂದಿನ ಲೇಸಿಗೆ ಮಾತ್ರ ಘೋಸ್ಟ್ ಬಾಂಡ್ ಅನ್ನೋ ಗೋಂದು, ಅದನ್ನ ತಲೆ ಮೇಲೇ ಹಚ್ಚೋದು. ಹಚ್ಚೋವಾಗ ಹಾಲಿನಂಗೆ ಬಿಳಿ, ಒಣಗಿದ್ರೆ ನೀರಿನಂಗೆ. ತೆಳ್ಳಗೆ ಮೂರು ಕೋಟು, ಪ್ರತಿ ಕೋಟೂ ಬಿಳಿ ಪೂರ್ತಿ ಹೋಗೋ ತನಕ ಕಾಯ್ಬೇಕು. ಜುಲೈ ಮಳೇಲಿ ಇದು ಒಣಗೋದೇ ಇಲ್ಲ ಮಾರಾಯ್ರೇ, ಫ್ಯಾನ್ ಕೆಳಗೆ ಪೇಪರ್ ಓದ್ತಾ ಕೂತಿರ್ತೀನಿ. ಅರ್ಧ ಒಣಗಿದ್ರ ಮೇಲೆ ಲೇಸ್ ಒತ್ತಿದ್ರೆ ಗೋಂದು ತೂತಲ್ಲಿ ಮೇಲೆ ಬಂದು ಕೂದ್ಲ ಬುಡಕ್ಕೆ ಮೆತ್ಕೊಳತ್ತೆ, ಅದು ತೆಗ್ಯೋದು ಇನ್ನೊಂದು ನರಕ.

ಎಲ್ಲಿ ಕೂರ್ಸೋದು? ಹುಬ್ಬಿನ ನಡುವಿಂದ ನಾಲ್ಕು ಬೆರಳು ಮೇಲೆ, ಹೆಂಡ್ತಿ ಕಾಜಲ್ ಪೆನ್ಸಿಲ್ಲಲ್ಲಿ ಒಂದು ಚುಕ್ಕಿ. ಬೇಸಿನ ಮುಂದಿನ ಅಂಚಿನ ನಟ್ಟನಡುವೆ ಒಳಗಡೆನೂ ಒಂದು ಚುಕ್ಕಿ. ಪಕ್ಕದ ಟೇಪುಗಳ ಕಾಗ್ದ ಇನ್ನೂ ತೆಗೆದಿರಲ್ಲ, ಕಾಗ್ದದ ಒಂದ್ ಮೂಲೆ ಮಾತ್ರ ಮಡಚಿ ಹೊರಗೆ ಬಾಲದಂಗೆ ಬಿಟ್ಟಿರ್ತೀನಿ. ಪ್ಯಾಚಿನ ಹಿಂಭಾಗನ ಪುಸ್ತಕದ ರಟ್ಟಿನಂಗೆ ಎತ್ತಿ ಹಿಡ್ಕೊಂಡು ಚುಕ್ಕಿಗೆ ಚುಕ್ಕಿ ಕೂಡ್ಸಿ ಮುಂದಷ್ಟೇ ಮೆಲ್ಲಗೆ ತಾಗ್ಸಿ, ನೇರ ಇದ್ಯಾ ಅಂತ ಹೆಂಡ್ತಿ ಹತ್ರ ಓಕೆ ತಗೊಂಡು, ಆಮೇಲೆ ಒತ್ತೋದು. ಹಿಂಭಾಗ ಇಳಿಸಿ ಬಾಲ ಒಂದೊಂದೇ ಎಳೀತಾ ಹೋದ್ರೆ ಟೇಪು ತಾನಾಗೇ ಕೂರತ್ತೆ. ಬಾಚಣಿಗೆ ಹಿಂಬದಿಲಿ ಸುತ್ತ ಒತ್ತಿ, ಒಂದು ದಿನ ನೀರು ಬೇಡ, ಜಿಮ್ಮೂ ಬೇಡ. ಬೈಕಿಗೆ ಹೆಲ್ಮೆಟ್ ಒಳಗೆ ತೆಳು ಕಾಟನ್ ಕ್ಯಾಪ್, ಇಲ್ಲಾಂದ್ರೆ ಮುಂದಿನ ಅಂಚನ್ನ ಹೆಲ್ಮೆಟ್ಟೇ ಎಬ್ಬಿಸಿಬಿಡತ್ತೆ. ನಂಗೆ ಹತ್ತರಿಂದ ಹನ್ನೆರಡು ದಿನ ನಿಲ್ಲತ್ತೆ, ಏಪ್ರಿಲ್‌ನಲ್ಲಿ ಒಂದು ವಾರ.

ಇಷ್ಟೆಲ್ಲಾ ಕಲಿತ ಮೇಲೂ ತಂಗಿ ಮದ್ವೇಲಿ ಏಟು ತಿಂದೆ. ಹಾಸನದಲ್ಲಿ ಛತ್ರ, ಹಿಂದಿನ ದಿನ ಅರಿಶಿನ ಎಣ್ಣೆ ಶಾಸ್ತ್ರ, ಅಣ್ಣ ಅಂತ ನನ್ನೂ ಕೂರ್ಸಿ ಸೋದರತ್ತೆ ಹಣೆಗೂ ಕೆನ್ನೆಗೂ ಕೊಬ್ರಿ ಎಣ್ಣೆ ಬಳಿದ್ರು. ಬೇಡ ಅನ್ನೋಕಾಗತ್ತಾ? ರಾತ್ರಿಯೆಲ್ಲಾ ಆ ಎಣ್ಣೆ ಹಣೆಯಿಂದ ಮೇಲೆ ಹತ್ತಿ ಲೇಸ್ ಕೆಳಗೆ ಹೋಗಿದೆ. ಬೆಳಿಗ್ಗೆ ಧಾರೆಗೆ ಅರ್ಧ ಗಂಟೆ ಇದೆ, ಮುಂದಿನ ಅಂಚು ಎರಡು ಇಂಚು ಎದ್ದು ನಿಂತಿದೆ, ನನ್ ಕಿಟ್ಟೆಲ್ಲಾ ಬೆಂಗಳೂರಲ್ಲಿ. ಮಾವನ ಪೇಟ ಇಸ್ಕೊಂಡು ಬಿಗಿಯಾಗಿ ಸುತ್ಕೊಂಡೆ. ಈಗ ಪರ್ಸಲ್ಲಿ ಎರಡು ತುಂಡು ಟೇಪು, ಒಂದು ಆಲ್ಕೋಹಾಲ್ ವೈಪ್ ಇದ್ದೇ ಇರತ್ತೆ. ಆಲ್ಬಮ್ ತೆಗೆದ್ರೆ ಮಾತ್ರ ಊಟದ ಪಂಕ್ತೀಲೂ ಪೇಟ ಬಿಚ್ಚದೆ ಪಾಯಸ ತಿಂತಿರೋನು ನಾನೊಬ್ನೇ.