ಇಲಿಯ ಕಿಡ್ನಿಯಲ್ಲಿ ಕಂಡಿದ್ದೆಲ್ಲ ಮಾತ್ರೆಯ ಕೆಲಸವಲ್ಲ

ಪುಣೆಯ ಒಂದು ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ನನ್ನ ಕೆಲಸ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್‌ನಿಂದ ಕಿಡ್ನಿಗೆ ಏನಾಗುತ್ತದೆ ಅಂತ ವಿಸ್ಟಾರ್ ಎಂಬ ಪ್ರಯೋಗಾಲಯದ ತಳಿಯ ಇಲಿಗಳಲ್ಲಿ ನೋಡಿದೆವು. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಮೊದಲ ಜಗಳ ಶುರುವಾಗಿದ್ದೇ ಡೋಸಿನ ಮೇಲೆ.

ಮನುಷ್ಯರಿಗೆ ಸಾಮಾನ್ಯವಾಗಿ ದಿನಕ್ಕೆ 20 ಮಿಲಿಗ್ರಾಂ. 60 ಕೆಜಿ ತೂಕದವರಿಗೆ ಕೆಜಿಗೆ 0.33 ಮಿಲಿಗ್ರಾಂ ಬೀಳುತ್ತದೆ. ಇಲಿಗೆ ಅದನ್ನು 6.2ರಿಂದ ಗುಣಿಸಬೇಕು, ಮೈಯ ಮೇಲ್ಮೈ ಲೆಕ್ಕ ಅದು. ಅಂದರೆ ಇಲಿಯ ತೂಕದ ಕೆಜಿಗೆ ಸುಮಾರು 2 ಮಿಲಿಗ್ರಾಂ. ಕೆಜಿಗೆ 20 ಕೊಟ್ಟು ಕಿಡ್ನಿ ಕೆಟ್ಟಿತು ಅಂತ ಬರೆದರೆ ಅದು ಯಾರಿಗೆ ಉಪಯೋಗ? ನಾವು 2 ಮತ್ತು 10ರ ಎರಡು ಗುಂಪು ಮಾಡಿದೆವು. ಹೋಲಿಸಲು ಇಟ್ಟ, ಔಷಧಿ ಕೊಡದ ಕಂಟ್ರೋಲ್ ಇಲಿಗಳಿಗೆ ಔಷಧಿ ಕುಡಿಸಿದಂಥದೇ ಸೂಜಿಯಿಂದ ಬಾಯಿಗೆ ಬರೀ ನೀರು. ದಿನಾ ಹಿಡಿದು ಕುಡಿಸುವುದೇ ಇಲಿಗೆ ಒಂದು ಹಿಂಸೆ ಅಲ್ವಾ, ಅದು ಎಲ್ಲ ಗುಂಪಿಗೂ ಒಂದೇ ಇರಬೇಕು.

ಕಿಡ್ನಿ ತೆಗೆದ ಕೂಡಲೇ ಕೆಡದಂತೆ ಕಾಪಿಡುವ ಫಾರ್ಮಲಿನ್‌ಗೆ ಹೋಗಬೇಕು, ಮಧ್ಯೆ ಚಹಾ ವಿರಾಮ ಇಲ್ಲ. ಕಿಡ್ನಿಯಲ್ಲಿ ಸೋಸಿದ ದ್ರವ ಮೊದಲು ಹಾಯುವ ಸುರುಳಿನಾಳದ ಜೀವಕೋಶಗಳ ತುದಿಯಲ್ಲಿ ಬ್ರಷ್‌ನಂಥ ಅಂಚಿದೆ. ಇಲಿ ಸತ್ತ ಮೇಲೆ ತಡವಾದಷ್ಟೂ ಅದು ಕಳಚಿ ಬೀಳುತ್ತದೆ. ಆಮೇಲೆ ಅದೂ ಔಷಧಿಯ ಲೆಕ್ಕಕ್ಕೇ ಸೇರುತ್ತದೆ! ಎಡಗಿಡ್ನಿ ಉದ್ದಕ್ಕೆ, ಬಲಗಿಡ್ನಿ ಅಡ್ಡಕ್ಕೆ ಕೊಯ್ದರೆ ಸ್ಲೈಡಿನಲ್ಲೂ ಯಾವುದು ಯಾವುದೆಂದು ಗೊತ್ತಾಗುತ್ತದೆ. ಪುಣೆಯ ಏಪ್ರಿಲ್ ಸೆಕೆಯಲ್ಲಿ, ಕಿಡ್ನಿ ತುಂಡನ್ನು ಹುದುಗಿಸಿದ ಮೇಣದ ಬ್ಲಾಕ್ ಮೆತ್ತಗಾಗಿ, ಕತ್ತರಿಸಿದ ತೆಳು ಪಟ್ಟಿ (ರಿಬ್ಬನ್) ಮುದುಡುತ್ತದೆ. ಬ್ಲಾಕನ್ನು ಮತ್ತೆ ಮತ್ತೆ ಐಸ್ ಮೇಲಿಟ್ಟು 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದೆವು.

ಒಂದು ಸಂಜೆ ಬೆಳಗಾವಿಯಿಂದ ಬಂದ ನಮ್ಮ ಪಿಜಿ ಹುಡುಗಿ ಓಡಿ ಬಂದಳು. "ಮೇಡಂ, ನಾಳದ ಜೀವಕೋಶಗಳ ತುಂಬ ಗುಲಾಬಿ ಹನಿಗಳು! ಔಷಧಿಯದ್ದೇ ಅಲ್ವಾ?"

"ಕಂಟ್ರೋಲ್ ಇಲಿಯದ್ದು ತೆಗೆದು ನೋಡಮ್ಮ."

ಅಲ್ಲೂ ಇದ್ದವು. ಗಂಡಿಲಿಯ ಲಿವರ್ ಆಲ್ಫಾ-2ಯು ಗ್ಲೋಬ್ಯುಲಿನ್ ಎಂಬ ಪ್ರೋಟೀನ್ ಮಾಡುತ್ತದೆ. ಅದು ಸೋಸಿ ಬಂದು ಇದೇ ನಾಳದ ಜೀವಕೋಶಗಳಲ್ಲಿ ಹನಿಯಾಗಿ ನಿಲ್ಲುತ್ತದೆ. ಹೆಣ್ಣಿಲಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಔಷಧಿಯೇ ಕಾಣದ ಗಂಡಿಲಿಗೂ ವಯಸ್ಸಾಗುತ್ತಾ ಕಿಡ್ನಿ ತಾನೇ ಹಾಳಾಗುತ್ತದೆ. ಅದಕ್ಕೇ ಎಳೆಯ ಇಲಿಗಳನ್ನೇ ತಗೊಂಡೆವು, ಸ್ಲೈಡ್ ನೋಡುವವರಿಗೆ ಯಾವ ಗುಂಪಿನದ್ದೆಂದು ಹೇಳಲಿಲ್ಲ.

2ರ ಗುಂಪಿಗೂ ಕಂಟ್ರೋಲ್‌ಗೂ ವ್ಯತ್ಯಾಸ ಹುಡುಕಿದರೂ ಸಿಗಲಿಲ್ಲ. 10ರ ಗುಂಪಿನಲ್ಲಿ ಕೆಲವು ನಾಳಗಳ ಜೀವಕೋಶಗಳಲ್ಲಿ ಸಣ್ಣ ಸಣ್ಣ ತೂತು, ನಾಳಗಳ ನಡುವೆ ರಕ್ತ ತುಂಬಿದ ಸೂಕ್ಷ್ಮ ರಕ್ತನಾಳಗಳು. ಆ ತೂತಿನಲ್ಲಿ ಏನಿತ್ತು ಅಂತ ಮಾಮೂಲಿ ಬಣ್ಣದ ಸ್ಲೈಡ್ ಹೇಳುವುದಿಲ್ಲ. ಆಲ್ಕೋಹಾಲ್, ಜೈಲೀನ್‌ನಲ್ಲಿ ಮುಳುಗೆದ್ದಾಗ ಕೊಬ್ಬೆಲ್ಲ ಕರಗಿ ಹೋಗಿರುತ್ತದೆ. ಫ್ಲುಆಕ್ಸೆಟಿನ್, ಖಿನ್ನತೆಗೇ ಕೊಡುವ ಇಮಿಪ್ರಮಿನ್‌ನಂಥ ಔಷಧಿಗಳು ಜೀವಕೋಶದ ಲೈಸೋಸೋಮ್‌ಗಳಲ್ಲಿ (ಕಸ ಜೀರ್ಣಿಸುವ ಪುಟ್ಟ ಚೀಲಗಳಲ್ಲಿ) ಫಾಸ್ಫೋಲಿಪಿಡ್ ಎಂಬ ಕೊಬ್ಬು ಶೇಖರವಾಗುವಂತೆ ಮಾಡುತ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದು ಈರುಳ್ಳಿ ಕೊಯ್ದ ಹಾಗೆ ಪದರ ಪದರ ಕಾಣುತ್ತದೆ. ಅದನ್ನು ನೋಡದೆ 'ಕಿಡ್ನಿ ಹಾನಿ' ಅಂತ ಬರೆಯಲು ನಾನು ಒಪ್ಪಲಿಲ್ಲ. ಪ್ರಾಣಿಗಳಲ್ಲಿ ಈ ಶೇಖರಣೆ ಔಷಧಿ ನಿಲ್ಲಿಸಿದ ಮೇಲೆ ಇಳಿಯುತ್ತದೆ ಅಂತ ಫ್ಲುಆಕ್ಸೆಟಿನ್‌ನ ಅಮೆರಿಕದ ಲೇಬಲ್‌ನಲ್ಲೇ ಇದೆ. ಮುಂದಿನ ಸಲ ಔಷಧಿ ನಿಲ್ಲಿಸಿ ಕೆಲವು ವಾರ ಬಿಟ್ಟು ನೋಡುವ ಗುಂಪೊಂದನ್ನು ಸೇರಿಸುತ್ತೇವೆ.

ಹುಬ್ಬಳ್ಳಿಯ ಚಿಕ್ಕಮ್ಮನಿಗೆ ಇದು ಹೇಗೋ ತಿಳಿದು ಫೋನ್ ಮಾಡಿದರು. "ನಾನೂ ಅದೇ ಗುಳಿಗಿ ತಗೋತೀನಲ್ಲವಾ, ಬಿಟ್ಟುಬಿಡಲೇನು?" ನಿಮ್ಮಷ್ಟಕ್ಕೇ ಬಿಡಬೇಡಿ ಅಂದೆ. ಇಲಿಗಳ ಸುದ್ದಿ ಬಿಟ್ಟು, ಸೋಡಿಯಂ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಲು ಹೇಳಿದೆ. ಈ ಮಾತ್ರೆಗಳಿಂದ ವಯಸ್ಸಾದವರ ರಕ್ತದಲ್ಲಿ ಸೋಡಿಯಂ ಇಳಿಯುವುದುಂಟು. ಚಿಕ್ಕಮ್ಮ ಬೇರೆ ಬಿಪಿಗೆ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯನ್ನೂ ನುಂಗುತ್ತಾರೆ, ಅದೂ ಸೋಡಿಯಂ ಇಳಿಸಬಹುದು.